ಮಳೆಗಾಲಕ್ಕೆ ತುಡುವೆ ಪೆಟ್ಟಿಗೆಯ ಸಿದ್ಧತೆ

ಮಲೆನಾಡು, ಕೊಡಗು ಮತ್ತು ಕರಾವಳಿಯಲ್ಲಿ ತುಡುವೆ ಜೇನಿನ ಕಷ್ಟದ ದಿನಗಳು ಮುಂಗಾರಿನೊಂದಿಗೆ ಬರುತ್ತವೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ನಡುವಿನವರೆಗೆ ಕಾಡಿನಲ್ಲಿ ಹೂವು ವಿರಳ. ಇದ್ದ ಹೂವಿನ ಮಕರಂದವೂ ಮಳೆಗೆ ತೊಳೆದುಹೋಗುತ್ತದೆ. ಮಳೆ ಸುರಿಯುವಾಗ ನೊಣ ಹೊರಗೆ ಹಾರುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಜುಲೈ ತಿಂಗಳಲ್ಲಿ ಒಂದು ತಾಸು ಹೊಳವಾದರೆ ಅದೇ ಹೆಚ್ಚು. ಡಿಸೆಂಬರಿನಿಂದ ಮೇ ತನಕ ಕೂಡಿಟ್ಟದ್ದರಲ್ಲೇ ಕುಟುಂಬ ಅಷ್ಟೂ ದಿನ ಬದುಕಬೇಕು. ಹೊಸದಾಗಿ ಜೇನು ಸಾಕಲು ತೊಡಗಿದವರ ಪೆಟ್ಟಿಗೆಗಳು ಬರಿದಾಗುವುದು ಬಹುಮಟ್ಟಿಗೆ ಈ ನಾಲ್ಕು ತಿಂಗಳಲ್ಲಿ. ಆದರೆ ಅದಕ್ಕೆ ಕಾರಣವಾದ ತಪ್ಪು ನಡೆದಿರುವುದು ಹೆಚ್ಚಾಗಿ ಅದಕ್ಕೂ ಮೊದಲು, ಬೇಸಿಗೆಯ ಕೊನೆಯ ಜೇನು ತೆಗೆದ ದಿನ.

ಯುರೋಪ್ ಮತ್ತು ಉತ್ತರ ಅಮೆರಿಕದ ಜೇನು ಪುಸ್ತಕಗಳಲ್ಲಿ ಈ ವಿಷಯದ ಜಾಗದಲ್ಲಿ ಚಳಿಗಾಲದ ಅಧ್ಯಾಯ ಇರುತ್ತದೆ. ಅಲ್ಲಿ ಸಾಕುವುದು ಮೆಲ್ಲಿಫೆರಾ ಜಾತಿಯನ್ನು. ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಆ ನೊಣಗಳು ಎರಿಗಳ ನಡುವೆ ಒತ್ತೊತ್ತಾಗಿ ಮುದ್ದೆಗಟ್ಟಿ ಕೂರುತ್ತವೆ. ರೆಕ್ಕೆ ಆಡಿಸದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ನಡುಗಿಸಿ ಶಾಖ ಹುಟ್ಟಿಸುತ್ತವೆ. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಇಲ್ಲವೆ ತೀರ ಕಡಿಮೆ ಮಾಡುತ್ತದೆ. ಬೇಸಿಗೆಯಲ್ಲಿ ಆರು ವಾರ ಬದುಕುವ ಕೆಲಸಗಾರ ನೊಣ ಚಳಿಯಲ್ಲಿ ಐದಾರು ತಿಂಗಳು ಬದುಕುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕುಟುಂಬಕ್ಕೆ 18ರಿಂದ 20 ಕಿಲೋ ಜೇನು ಬಿಟ್ಟು ಬಾಗಿಲು ಕಿರಿದುಮಾಡುವುದು ವಾಡಿಕೆ.

ಪಶ್ಚಿಮಘಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿನ ಮಳೆಗಾಲ ತಂಪೇ ಹೊರತು ಕೊರೆಯುವ ಚಳಿಯಲ್ಲ. ತುಡುವೆ ಕುಟುಂಬ ಮುದುಡಿ ಕೂರದೆ ಎಚ್ಚರವಾಗಿಯೇ ಇರುತ್ತದೆ. ರಾಣಿ ಕಡಿಮೆಯಾದರೂ ಮೊಟ್ಟೆ ಇಡುತ್ತಲೇ ಇರುತ್ತದೆ, ಮರಿಗಳಿರುವ ಭಾಗವನ್ನು 33ರಿಂದ 36 ಡಿಗ್ರಿ ಶಾಖದಲ್ಲಿ ಕಾಯಬೇಕಾಗುತ್ತದೆ, ಎಲ್ಲಕ್ಕೂ ಜೇನು ಖರ್ಚಾಗುತ್ತದೆ. ಅಡಕೆ, ತೆಂಗಿನ ಹಿಂಗಾರಗಳಿಂದ ಅಷ್ಟಿಷ್ಟು ಪರಾಗ ಸಿಕ್ಕೀತು, ಮಕರಂದ ಸಿಗುವುದು ಅಪರೂಪ. ಇದಕ್ಕಿಂತ ದೊಡ್ಡದು ತುಡುವೆಯ ಸ್ವಭಾವ. ಉಣ್ಣಲು ಇಲ್ಲದಾಗ, ಇರುವೆ ಅಥವಾ ಮೇಣದ ಹುಳು ಕಾಡಿದಾಗ, ಪದೇ ಪದೇ ಮುಚ್ಚಳ ತೆರೆದಾಗ ಕುಟುಂಬ ರಾಣಿ ಸಮೇತ ಗೂಡು ತೊರೆದು ಹೋಗುತ್ತದೆ. ಮೆಲ್ಲಿಫೆರಾ ಸಾಕುವವರಿಗೆ ಕುಟುಂಬ ಸಾಯುವ ಭಯವಾದರೆ ತುಡುವೆ ಸಾಕುವವರಿಗೆ ಅದು ಸಾಯುವ ಮೊದಲೇ ಪರಾರಿಯಾಗುವ ಭಯ. ಮಳೆಗಾಲದ ಸಿದ್ಧತೆ ಎಂದರೆ ಗೂಡು ಬಿಡಲು ಕುಟುಂಬಕ್ಕೆ ಯಾವ ಕಾರಣವೂ ಇಲ್ಲದಂತೆ ನೋಡಿಕೊಳ್ಳುವುದು.

ಕೆಲಸ ಶುರುವಾಗುವುದು ಕೊನೆಯ ಕೊಯ್ಲಿನಿಂದ. ಕೊಡಗಿನಲ್ಲಿ ಕಾಫಿ ಹೂವು, ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳಲ್ಲಿ ರಬ್ಬರ್ ಚಿಗುರಿನ ಸಿಹಿ, ಘಟ್ಟದ ಕಾಡುಗಳಲ್ಲಿ ನೇರಳೆ, ಮತ್ತಿ, ಇವೆಲ್ಲ ಮುಗಿಯುತ್ತ ಬಂದಾಗ ಮೇಲಿನ ಜೇನುಕೋಣೆ ತುಂಬಿರುತ್ತದೆ. ಜೇನು ತೆಗೆಯುವ ಯಂತ್ರ ಹೇಗೂ ಹೊರಗೆ ಬಂದಿದೆ, ಇನ್ನೆರಡು ಚೌಕಟ್ಟು ಹಾಕಿದರೆ ಇನ್ನೊಂದು ಬಾಟಲಿ ತುಂಬುತ್ತದೆ ಎಂಬ ಆಸೆ ಸಹಜ. ಆ ಇನ್ನೊಂದು ಬಾಟಲಿಯೇ ಜುಲೈ ತಿಂಗಳಲ್ಲಿ ಕುಟುಂಬದ ಬೆಲೆಯಾಗುತ್ತದೆ. ಕೆಳಗಿನ ಸಂಸಾರಕೋಣೆಯ ಜೇನಿಗೆ ಯಾವ ಕಾಲಕ್ಕೂ ಕೈ ಹಾಕಬಾರದು. ಮರಿಗಳ ಮೇಲ್ಭಾಗದಲ್ಲಿ, ಚೌಕಟ್ಟಿನ ಮೇಲಂಚಿಗೆ ಅಂಟಿಕೊಂಡು ಇರುವ ಜೇನಿನ ಪಟ್ಟಿ ಕುಟುಂಬದ ಸ್ವಂತ ಉಗ್ರಾಣ. ಮೇ ತಿಂಗಳ ಕೊಯ್ಲಿನಲ್ಲಿ ಮೇಲಿನ ಕೋಣೆಯಿಂದಲೂ ಮೇಣದ ಮುಚ್ಚಳ ಹಾಕಿದ ಎರಿಗಳಲ್ಲಿ ಒಂದಿಷ್ಟನ್ನು ಬಿಟ್ಟುಬಿಡುವುದೇ ಸರಿ. ಸಂಸಾರಕೋಣೆಯಲ್ಲಿ ಜೇನು ತೆಳುವಾಗಿ ಕಂಡರೆ ಆ ವರ್ಷ ಕೊನೆಯ ಕೊಯ್ಲನ್ನೇ ಕೈಬಿಡಬೇಕು. ತುಡುವೆ ಪೆಟ್ಟಿಗೆ ವರ್ಷಕ್ಕೆ ಐದರಿಂದ ಹತ್ತು ಕಿಲೋ ಕೊಟ್ಟರೆ ಒಳ್ಳೆಯ ಪೆಟ್ಟಿಗೆ. ಒಂದೆರಡು ಕಿಲೋ ಬಿಟ್ಟು ಕುಟುಂಬ ಉಳಿಸಿಕೊಂಡವರು ಮುಂದಿನ ವರ್ಷ ಅದರ ಹಲವು ಪಟ್ಟು ಪಡೆಯುತ್ತಾರೆ. ಮುಚ್ಚಳ ಹಾಕದ, ನೀರು ನೀರಾದ ಜೇನು ಮಾತ್ರ ಮಳೆಯ ತೇವಕ್ಕೆ ಹುಳಿಯುವ ಸಂಭವ ಹೆಚ್ಚು. ಅದನ್ನು ಆಹಾರದ ಲೆಕ್ಕಕ್ಕೆ ಹಿಡಿಯಬಾರದು.

ಪೆಟ್ಟಿಗೆಯಲ್ಲಿ ಎಷ್ಟು ಆಹಾರವಿದೆ ಎಂದು ತಿಳಿಯಲು ಪ್ರತಿ ಸಲ ತೆರೆಯಬೇಕಾಗಿಲ್ಲ. ಹಿಂಬದಿಯಿಂದ ಒಂದು ಕೈಯಲ್ಲಿ ಎರಡು ಬೆರಳಗಲ ಎತ್ತಿ ನೋಡಿದರೆ ಭಾರ ತಿಳಿಯುತ್ತದೆ. ಮೇ ಕೊನೆಯಲ್ಲಿ ಹೀಗೆ ಒಮ್ಮೆ ಎತ್ತಿ ಕೈಗೆ ಆ ಭಾರದ ಅಂದಾಜು ಮಾಡಿಸಿಕೊಂಡರೆ ಮಳೆಗಾಲದ ಉದ್ದಕ್ಕೂ ಅದೇ ತಕ್ಕಡಿ.

ಕೊಯ್ಲಾದ ಮೇಲೆ ಕುಟುಂಬದ ಗಾತ್ರ ನೋಡಿ ಮನೆಯ ಗಾತ್ರ ಹೊಂದಿಸಬೇಕು. ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವ ನ್ಯೂಟನ್ ಪೆಟ್ಟಿಗೆಯ ಸಂಸಾರಕೋಣೆಯಲ್ಲಿ ಏಳು ಚೌಕಟ್ಟುಗಳಿವೆ. ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ 20ನೇ ಶತಮಾನದ ಎರಡನೆಯ ದಶಕದಲ್ಲಿ ತುಡುವೆಯ ಅಳತೆಗೆ ತಕ್ಕಂತೆ ರೂಪಿಸಿದ ಪೆಟ್ಟಿಗೆ ಇದು. ಮಳೆ ಹಿಡಿಯುವ ಹೊತ್ತಿಗೆ ಕನಿಷ್ಠ ಐದು ಎರಿಗಳ ಎರಡೂ ಮೈ ತುಂಬ ನೊಣಗಳಿದ್ದರೆ ಕುಟುಂಬ ಬಲವಾಗಿದೆ ಎನ್ನಬಹುದು. ನೊಣ ಕೂರದ ಎರಿ ಒಳಗಿದ್ದರೆ ಅದು ತಂಪಿಗೂ ತೇವಕ್ಕೂ ಮೇಣದ ಹುಳುವಿಗೂ ಜಾಗ. ಆದ್ದರಿಂದ ಖಾಲಿ ಎರಿಗಳನ್ನೂ ಹಳತಾಗಿ ಕಪ್ಪಾದ ಎರಿಗಳನ್ನೂ ತೆಗೆದು, ಉಳಿದವನ್ನು ಒತ್ತಾಗಿ ಒಂದು ಬದಿಗೆ ಸೇರಿಸಿ, ಪಕ್ಕದಲ್ಲಿ ಚೌಕಟ್ಟಿನ ಅಳತೆಯದೇ ಒಂದು ಅಡ್ಡಹಲಗೆ ಇಳಿಬಿಡುತ್ತಾರೆ. ಮೇಲಿನ ಜೇನುಕೋಣೆಯಲ್ಲಿ ಜೇನು ಬಿಟ್ಟಿದ್ದು ಅಲ್ಲೂ ನೊಣಗಳು ಓಡಾಡುತ್ತಿದ್ದರೆ ಅದು ಇರಲಿ. ಬರಿದಾದರೆ ಕೋಣೆಯನ್ನೇ ಇಳಿಸಬೇಕು. ತೆಗೆದ ಒಳ್ಳೆಯ ಎರಿಗಳು ಮುಂದಿನ ಹಂಗಾಮಿಗೆ ದೊಡ್ಡ ಆಸ್ತಿ, ಏಕೆಂದರೆ ಕಟ್ಟಿದ ಎರಿ ಸಿಕ್ಕಿದ ನೊಣಗಳು ಮೇಣ ಸುರಿಸುವ ಖರ್ಚಿಲ್ಲದೆ ನೇರ ಜೇನು ತುಂಬತೊಡಗುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಗಂಧಕದ ಹೊಗೆ ಕೊಟ್ಟರೆ ಮೇಣದ ಹುಳು ಸಾಯುತ್ತದೆ. ಅದರ ಮೊಟ್ಟೆ ಸಾಯದ ಕಾರಣ ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು. ಕಪ್ಪಾದ ಎರಿಗಳನ್ನು ಕರಗಿಸಿ ಮೇಣ ಮಾಡುವುದೇ ಲೇಸು.

ಎರಡು ಮೂರು ಎರಿಗಳಷ್ಟೇ ನೊಣಗಳಿರುವ ಕುಟುಂಬವನ್ನು ಕನಿಕರದಿಂದ ಹಾಗೆಯೇ ಮಳೆಗೆ ಬಿಡುವವರು ಬಹಳ. ಅಂಥ ಕುಟುಂಬ ಆಗಸ್ಟ್ ಕಾಣುವುದು ಕಡಿಮೆ. ಅದನ್ನು ಇನ್ನೊಂದಕ್ಕೆ ಸೇರಿಸಿದರೆ ಒಂದಾದರೂ ಉಳಿಯುತ್ತದೆ. ಎರಡು ಪೆಟ್ಟಿಗೆಗಳನ್ನು ಸಂಜೆಯ ಹೊತ್ತು ದಿನಕ್ಕೆ ಒಂದೆರಡು ಅಡಿಯಂತೆ ಹತ್ತಿರ ತಂದು, ಎರಡು ರಾಣಿಗಳಲ್ಲಿ ಹಳೆಯದನ್ನು ಅಥವಾ ಕಡಿಮೆ ಮೊಟ್ಟೆ ಇಡುವುದನ್ನು ತೆಗೆದು, ರಾಣಿ ಇರುವ ಕೋಣೆಯ ಮೇಲೆ ಒಂದು ಹಾಳೆ ವೃತ್ತಪತ್ರಿಕೆ ಹಾಸಿ ಅಲ್ಲಲ್ಲಿ ಸೂಜಿಯಿಂದ ಚುಚ್ಚಿ, ಅದರ ಮೇಲೆ ರಾಣಿ ಇಲ್ಲದ ಕೋಣೆಯನ್ನು ಇಡುತ್ತಾರೆ. ನೊಣಗಳು ಎರಡೂ ಕಡೆಯಿಂದ ಕಾಗದ ಕಡಿದು ಸೇರುವಷ್ಟರಲ್ಲಿ ಎರಡು ಕುಟುಂಬಗಳ ವಾಸನೆ ಬೆರೆತು ಜಗಳವಾಗುವುದಿಲ್ಲ. ಸೇರಿಸುವ ಮೊದಲು ಎರಡರ ಮರಿಗಳನ್ನೂ ನೋಡಲೇಬೇಕು. ರೋಗದ ಕುಟುಂಬವನ್ನು ಆರೋಗ್ಯದ ಕುಟುಂಬಕ್ಕೆ ಎಂದೂ ಸೇರಿಸಬಾರದು.

ಈ ಎಚ್ಚರಿಕೆಗೆ ಹಿನ್ನೆಲೆ ಇದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ತಲೆತಲಾಂತರದಿಂದ ಜೇನು ಸಾಕಿದ ಮನೆಗಳ ಜಗಲಿಯಲ್ಲಿ ಬರಿಯ ಪೆಟ್ಟಿಗೆಗಳು ಉಳಿದವು. ರೋಗ ಈಗಲೂ ಅಲ್ಲಲ್ಲಿ ಕಾಣುತ್ತದೆ. ಮರಿ ಕೋಶದೊಳಗೆ ಚರ್ಮದ ಚೀಲದಲ್ಲಿ ನೀರು ತುಂಬಿದಂತೆ ಸಾಯುತ್ತದೆ, ಕಡ್ಡಿಯಲ್ಲಿ ಎತ್ತಿದರೆ ಚೀಲ ಇಡಿಯಾಗಿ ಬರುತ್ತದೆ, ಒಣಗಿದ ಮೇಲೆ ದೋಣಿಯಾಕಾರದ ಕಂದು ಹೊಪ್ಪಳೆಯಾಗುತ್ತದೆ. ಇದಕ್ಕೆ ಔಷಧಿ ಇಲ್ಲ. ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡದೆ, ಒಂದಕ್ಕೆ ಬಳಸಿದ ಚಾಕು, ಕೈಗವಸುಗಳನ್ನು ತೊಳೆಯದೆ ಇನ್ನೊಂದಕ್ಕೆ ಮುಟ್ಟಿಸದೆ, ಕುಟುಂಬಗಳನ್ನು ಬಲವಾಗಿ ಇಡುವುದೊಂದೇ ದಾರಿ. ಮಳೆ ಬಂದ ಮೇಲೆ ಸರಿಯಾಗಿ ಪರೀಕ್ಷಿಸಲು ಆಗದು. ಆದ್ದರಿಂದ ಮೇ ತಿಂಗಳಲ್ಲಿ ಒಂದು ಬಿಸಿಲಿನ ಬೆಳಗ್ಗೆ ಪ್ರತಿ ಎರಿಯ ಮರಿಗಳನ್ನೂ ನಿಧಾನವಾಗಿ ನೋಡಿ ಮುಗಿಸಬೇಕು. ರಾಣಿ ಒಂದು ವರ್ಷದೊಳಗಿನದಾಗಿದ್ದರೆ ಮಳೆಗಾಲ ಕಳೆಯುವುದು ಸುಲಭ. ಡಿಸೆಂಬರ್–ಜನವರಿಯಲ್ಲಿ ಕುಟುಂಬ ಪಾಲು ಮಾಡಿದವರಿಗೆ ಅಂಥ ರಾಣಿ ತಾನಾಗಿ ಸಿಕ್ಕಿರುತ್ತದೆ.

ಇನ್ನು ಪೆಟ್ಟಿಗೆಯ ಮರ. ತುಡುವೆ ಅಂಟು ತಂದು ಬಿರುಕು ಮುಚ್ಚುವ ಜಾತಿಯಲ್ಲ. ಮೆಲ್ಲಿಫೆರಾ ಮರಗಳ ಅಂಟನ್ನು ತಂದು ಪೆಟ್ಟಿಗೆಯ ಸಂದುಗಳನ್ನು ಬಿಗಿದುಕೊಳ್ಳುತ್ತದೆ, ತುಡುವೆಗೆ ಆ ರೂಢಿ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ಒಣಗಿ ಬಾಯಿಬಿಟ್ಟ ಕೀಲುಗಳನ್ನು ಸಾಕುವವರೇ ಮುಚ್ಚಬೇಕು. ಕರಗಿಸಿದ ಮೇಣ ಎಲ್ಲಕ್ಕಿಂತ ಉತ್ತಮ. ಹೊರಗಿನ ದೊಡ್ಡ ಸಂದಿಗೆ ಸೆಗಣಿ ಕಲಸಿದ ಜೇಡಿಮಣ್ಣೂ ಆಗುತ್ತದೆ, ಆದರೆ ಮಳೆಯ ಎರಚಲು ತಾಗುವಲ್ಲಿ ಅದು ಉಳಿಯುವುದಿಲ್ಲ. ಬಣ್ಣ ಹೊರಮೈಗೆ ಮಾತ್ರ, ಅದೂ ಏಪ್ರಿಲ್‌ನಲ್ಲೇ ಬಳಿದು ವಾಸನೆ ಹೋಗಲು ಬಿಡಬೇಕು. ಮೇಲ್ಛಾವಣಿಗೆ ತಗಡು ಹೊಡೆಸಿದ್ದರೆ ಸರಿ. ಇಲ್ಲವಾದರೆ ಅಡಕೆಯ ಸೋಗೆ ಅಥವಾ ಹಾಳೆಯ ಹೊದಿಕೆ ಹಾಕಿ ಕಲ್ಲು ಹೇರುವುದು ಮಲೆನಾಡಿನ ಹಳೆಯ ಕ್ರಮ, ಈಗಲೂ ಒಳ್ಳೆಯ ಕ್ರಮ.

ಹೊಸಬರು ಮಳೆಗೆ ಹೆದರಿ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತುವುದುಂಟು. ಇದು ಒಳ್ಳೆಯ ಮನಸ್ಸಿನಿಂದ ಆಗುವ ಕೆಟ್ಟ ಕೆಲಸ. ನೊಣಗಳ ಉಸಿರಿನ ಆವಿ ಹೊರಹೋಗಲು ದಾರಿ ಇಲ್ಲದೆ ಒಳಮುಚ್ಚಳಕ್ಕೆ ತಾಗಿ ಹನಿಯಾಗಿ ಮರಿಗಳ ಮೇಲೆ ಬೀಳುತ್ತದೆ, ಎರಿಯ ಅಂಚಿಗೆ ಬೂಷ್ಟು ಹಿಡಿಯುತ್ತದೆ. ತುಡುವೆ ನೊಣ ಬಾಗಿಲಲ್ಲಿ ರೆಕ್ಕೆ ಬೀಸುವಾಗ ತಲೆಯನ್ನು ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ, ಮೆಲ್ಲಿಫೆರಾ ಇದಕ್ಕೆ ತಿರುಗುಮುರುಗಾಗಿ ನಿಂತು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಹೀಗೆ ಒಳಬಂದ ಗಾಳಿ ಮೇಲಿನಿಂದ ಹೊರಟುಹೋಗಬೇಕು. ಒಳಮುಚ್ಚಳದಲ್ಲಿ ತಂತಿಬಲೆ ಹೊಡೆದ ಕಿಂಡಿಯೂ ಛಾವಣಿಯ ಪಕ್ಕದ ತೂತುಗಳೂ ಇರುವುದು ಇದಕ್ಕಾಗಿ. ಮಳೆಗಾಲಕ್ಕೆ ಮೊದಲು ಅಲ್ಲಿ ಜೇಡನ ಬಲೆ, ಇರುವೆ ಮಣ್ಣು ಕಟ್ಟಿದ್ದರೆ ಬಿಡಿಸಬೇಕು. ನೀರು ಮೇಲಿನಿಂದ ಬರಬಾರದು, ಗಾಳಿ ಮೇಲಿನಿಂದ ಹೋಗಬೇಕು. ಎರಡನ್ನೂ ಸಾಧಿಸುವ ಛಾವಣಿ ಒಳ್ಳೆಯ ಛಾವಣಿ.

ನೈರುತ್ಯದಿಂದ ಬೀಸುವ ಮಳೆಗಾಳಿಗೆ ಬೆನ್ನು ಮಾಡಿ ಬಾಗಿಲು ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ ಇರುವಂತೆ ಪೆಟ್ಟಿಗೆ ಇಡಬೇಕು. ಮುಂಭಾಗ ಒಂದು ಬೆರಳಿನಷ್ಟು ತಗ್ಗಾಗಿದ್ದರೆ ಬಾಗಿಲಿಗೆ ಎರಚಿದ ನೀರು ಒಳಗೆ ನಿಲ್ಲದೆ ಇಳಿದುಹೋಗುತ್ತದೆ. ಮರದಿಂದ ನೀರು ತೊಟ್ಟಿಕ್ಕುವ ಜಾಗ, ತೋಟದ ಬಸಿಗಾಲುವೆಯ ಬದಿ, ಬಿಸಿಲು ಬೀಳದ ಮೂಲೆ ಬೇಡ. ಮಾಡಿನ ಕೆಳಗೆ ಜಗಲಿಯಂಚು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಇದ್ದಲ್ಲಿಂದ ಅಲ್ಲಿಗೆ ಒಂದೇ ಸಲ ಎತ್ತಿ ಇಟ್ಟರೆ ಹೊರಗೆ ಹೋದ ನೊಣಗಳು ಹಳೆಯ ಜಾಗಕ್ಕೇ ಬಂದು ಅಲೆಯುತ್ತವೆ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸುವ ಈ ಕೆಲಸ ರೋಹಿಣಿ ಮಳೆಗೆ ಮೊದಲೇ ಮುಗಿದಿರಬೇಕು. ಬಾಗಿಲನ್ನು ಕಿರಿದುಮಾಡಿದರೆ ಕಾವಲು ನೊಣಗಳಿಗೆ ಕಾಯುವುದು ಸುಲಭ.

ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟು ಇರುವೆ ತಡೆಯುವುದು ಬೇಸಿಗೆಯಲ್ಲಿ ಸಾಕು. ಮಳೆಯಲ್ಲಿ ಹುಲ್ಲು, ಬಳ್ಳಿ, ಬಿದ್ದ ತರಗೆಲೆ ಒಂದೇ ರಾತ್ರಿಯಲ್ಲಿ ಸೇತುವೆ ಕಟ್ಟಿಬಿಡುತ್ತವೆ. ಸುತ್ತ ಎರಡಡಿ ನೆಲ ಸವರಿ, ಕಾಲಿಗೆ ಗ್ರೀಸ್ ಬಳಿದ ಬಟ್ಟೆ ಸುತ್ತಿ, ವಾರಕ್ಕೊಮ್ಮೆ ನೋಡುತ್ತಿರಬೇಕು. ಮೇಣದ ಹುಳುವಿಗೆ ದಾರಿ ಅಡಿಹಲಗೆಯಿಂದ. ತುಡುವೆ ಹಳೆಯ ಎರಿಯನ್ನು ತಾನೇ ಕಡಿದು ಚೂರುಗಳನ್ನು ಕೆಳಗೆ ಉದುರಿಸುತ್ತದೆ. ಆ ಪುಡಿಯಲ್ಲಿ ಪತಂಗದ ಮರಿಗಳು ಬೆಳೆದು ಎರಿಯೊಳಗೆ ಸುರಂಗ ಕೊರೆದು ರೇಷ್ಮೆಯಂಥ ನೂಲು ಹೆಣೆಯುತ್ತವೆ. ಹತ್ತು ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಸಂಸಾರಕೋಣೆಯನ್ನು ಹಾಗೆಯೇ ಎತ್ತಿ ಪಕ್ಕಕ್ಕಿಟ್ಟು ಅಡಿಹಲಗೆ ಒರೆಸಿ ಮತ್ತೆ ಕೂರಿಸುವುದು ಎರಡು ನಿಮಿಷದ ಕೆಲಸ, ಚೌಕಟ್ಟು ಒಂದನ್ನೂ ಎತ್ತಬೇಕಾಗಿಲ್ಲ. ಕಣಜಗಳು ಬಾಗಿಲಲ್ಲಿ ಹೊಂಚು ಹಾಕತೊಡಗಿದರೆ ಬಾಗಿಲನ್ನು ಇನ್ನಷ್ಟು ಕಿರಿದುಮಾಡಿ, ಹತ್ತಿರ ಅವುಗಳ ಗೂಡಿದ್ದರೆ ಹುಡುಕಿ ತೆಗೆಸಬೇಕು.

ಬಿಟ್ಟ ಜೇನು ಸಾಲದಾದಾಗ ಸಕ್ಕರೆ ಪಾಕ. ಅಳತೆ ಸುಲಭ: ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು. ನೀರು ಕುದಿಸಿ ಒಲೆಯಿಂದ ಇಳಿಸಿದ ಮೇಲೆ ಸಕ್ಕರೆ ಹಾಕಿ ಕಲಸಿ ಆರಿಸಬೇಕು. ಬೆಂಕಿಯ ಮೇಲೆಯೇ ಸೀಯಿಸಿದ ಪಾಕ ನೊಣಕ್ಕೆ ಒಗ್ಗುವುದಿಲ್ಲ. ಬೆಲ್ಲದ ಪಾಕವೂ ಬೇಡ. ಅದರಲ್ಲಿರುವ ಇತರ ಅಂಶಗಳಿಂದ ನೊಣಗಳಿಗೆ ಭೇದಿಯಾಗುತ್ತದೆ, ಹೊರಗೆ ಹಾರಲಾಗದ ಮಳೆಯ ದಿನಗಳಲ್ಲಿ ಅದು ಪೆಟ್ಟಿಗೆಯೊಳಗೇ ಹರಡುತ್ತದೆ. ಒಂದು ಕುಟುಂಬಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯ ಪಾಕ ಸಾಕು. ತೆಂಗಿನ ಕರಟದಲ್ಲಿ ಪಾಕ ಹೊಯ್ದು, ನೊಣಗಳು ಮುಳುಗದಂತೆ ಒಣಕಡ್ಡಿ ತೇಲಿಬಿಟ್ಟು, ಅಡ್ಡಹಲಗೆಯ ಆಚೆಯ ಖಾಲಿ ಜಾಗದಲ್ಲಿ ಇಟ್ಟರೆ ಬೇರೆ ಸಲಕರಣೆ ಬೇಕಿಲ್ಲ. ಕೊಡುವುದು ಮುಸ್ಸಂಜೆ ಹೊತ್ತಿಗೆ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ. ಹಗಲಲ್ಲಿ ಕೊಟ್ಟರೆ ಅಥವಾ ಹೊರಗೆ ಹನಿ ಚೆಲ್ಲಿದರೆ ಬಲವಾದ ಕುಟುಂಬದ ನೊಣಗಳು ಬಡ ಕುಟುಂಬಕ್ಕೆ ನುಗ್ಗಿ ದೋಚುತ್ತವೆ. ಹಸಿದ ಕಾಲದಲ್ಲಿ ಶುರುವಾದ ದರೋಡೆ ನಿಲ್ಲಿಸುವುದು ಕಷ್ಟ. ಕುಡಿಯದೆ ಉಳಿದ ಪಾಕ ಎರಡನೆಯ ದಿನಕ್ಕೆ ಹುಳಿಯುತ್ತದೆ, ಅದನ್ನು ಚೆಲ್ಲಿ ಕರಟ ತೊಳೆಯಬೇಕು.

ಸಕ್ಕರೆ ಶಕ್ತಿ ಕೊಡುತ್ತದೆ, ಮರಿ ಬೆಳೆಸುವುದು ಪರಾಗ. ಸುತ್ತ ಅಡಕೆ, ತೆಂಗಿನ ತೋಟವಿದ್ದವರಿಗೆ ಈ ಚಿಂತೆ ಕಡಿಮೆ. ಇಲ್ಲದ ಕಡೆ ಹುರಿಗಡಲೆ ಅಥವಾ ಸೋಯಾ ಹಿಟ್ಟನ್ನು ಸ್ವಲ್ಪ ಹಾಲಿನ ಪುಡಿಯೊಂದಿಗೆ ಜೇನಿನಲ್ಲಿ ಕಲಸಿ, ಅಡಕೆ ಗಾತ್ರದ ಉಂಡೆಯನ್ನು ಚೌಕಟ್ಟಿನ ಮೇಲೆ ಇಡುತ್ತಾರೆ. ಆ ಜೇನು ತಮ್ಮದೇ ಆರೋಗ್ಯದ ಪೆಟ್ಟಿಗೆಯದಾಗಿರಬೇಕು, ಅಂಗಡಿಯದು ಬೇಡ; ಎಲ್ಲಿಂದಲೋ ಬಂದ ಜೇನಿನಲ್ಲಿ ರೋಗವೂ ಬರಬಹುದು.

ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ — ಈ ಮಳೆಗಳಲ್ಲಿ ಪೆಟ್ಟಿಗೆಯನ್ನು ಬಿಟ್ಟಷ್ಟೂ ಒಳ್ಳೆಯದು. ತೆರೆದಾಗಲೆಲ್ಲ ಮರಿಗಳ ಶಾಖ ಹೊರಟುಹೋಗುತ್ತದೆ, ಅದನ್ನು ಮತ್ತೆ ತುಂಬಲು ಜೇನು ಸುಡಬೇಕು. ಕಾಳಜಿಯಿಂದ ದಿನವೂ ಮುಚ್ಚಳ ಎತ್ತುವವರ ಕುಟುಂಬಗಳೇ ಹೆಚ್ಚಾಗಿ ಗೂಡು ಬಿಡುತ್ತವೆ. ಒಳಗಿನ ಸುದ್ದಿ ಬಾಗಿಲಲ್ಲೇ ಸಿಗುತ್ತದೆ. ಹೊಳವಾದ ಕೂಡಲೆ ನೊಣಗಳು ಹೊರಟು, ಕಾಲಿನಲ್ಲಿ ಪರಾಗ ಹೊತ್ತು ಬರುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಚೆನ್ನಾಗಿದೆ. ಪರಾಗ ಬರುವುದು ಪೂರ್ತಿ ನಿಂತು, ನೊಣಗಳು ಬಾಗಿಲ ಬಳಿ ಕೆಲಸವಿಲ್ಲದೆ ಗುಂಪುಗೂಡಿದ್ದರೆ ಎಚ್ಚರವಾಗಬೇಕು. ಹೊರಡಲು ಸಿದ್ಧವಾದ ತುಡುವೆ ಮರಿ ಬೆಳೆಸುವುದನ್ನು ಮೊದಲೇ ನಿಲ್ಲಿಸಿರುತ್ತದೆ. ಆಗ ಪಾಕ ಕೊಟ್ಟು, ಬೇರೆ ಆರೋಗ್ಯದ ಪೆಟ್ಟಿಗೆಯಿಂದ ಎಳೆಯ ಮರಿಗಳಿರುವ ಒಂದು ಎರಿ ಸೇರಿಸಿದರೆ ನೊಣಗಳು ಅದನ್ನು ಬಿಟ್ಟು ಹೋಗಲು ಹಿಂಜರಿಯುತ್ತವೆ. ಬಾಗಿಲಿಗೆ ರಾಣಿತಡೆ ಹಾಕುವುದು ಕೆಲವು ದಿನದ ಉಪಾಯ ಮಾತ್ರ. ಕಾರಣ ಒಳಗೆ ಉಳಿದಿರುವವರೆಗೆ ತಡೆ ತೆಗೆದ ದಿನ ಕುಟುಂಬ ಹೊರಡುತ್ತದೆ.

ತೋಟಗಾರಿಕೆ ಇಲಾಖೆಯ ಭಾಗಮಂಡಲದ ಜೇನು ಸಾಕಣೆ ತರಬೇತಿ ಕೇಂದ್ರದಂಥ ಕಡೆ, ಇಲ್ಲವೆ ಊರಲ್ಲೇ ಹತ್ತಾರು ವರ್ಷ ಸಾಕಿದವರ ಬಳಿ, ಒಂದು ಮಳೆಗಾಲದ ಆರೈಕೆಯನ್ನು ಕಣ್ಣಾರೆ ನೋಡಿ ಕಲಿಯುವುದು ಹೊಸಬರಿಗೆ ತುಂಬ ಪ್ರಯೋಜನ. ಪೆಟ್ಟಿಗೆಯ ಭಾರವನ್ನು ಕೈಯಲ್ಲಿ ತೂಗುವುದು, ರೋಗದ ಮರಿ ಗುರುತಿಸುವುದು ಕೇಳಿ ಬರುವ ವಿದ್ಯೆಗಳಲ್ಲ.

ಮಘಾ ಮಳೆ ಕಳೆದು ಬಿಸಿಲು ಇಣುಕುವಾಗ ಮುಟ್ಟಿದರೆ ಮುನಿ, ಕಾಡು ಗೌರಿಹೂಗಳಿಂದ ಪರಾಗ ಬರತೊಡಗುತ್ತದೆ. ರಾಣಿ ಮತ್ತೆ ಬಿರುಸಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ಕೆಲಸಗಾರ ನೊಣವಾಗಲು 18ರಿಂದ 20 ದಿನ, ಅದು ಹೊರಗೆ ದುಡಿಯಲು ಇನ್ನೆರಡು ಮೂರು ವಾರ. ಅಂದರೆ ಅಂಟುವಾಳದ ಹೂವಿನ ಹೊತ್ತಿಗೆ ದುಡಿಯುವ ನೊಣಗಳು ಬೇಕಾದರೆ ಸೆಪ್ಟೆಂಬರ್‌ನಲ್ಲೇ ಮರಿಗಳಿರಬೇಕು. ಮಳೆಗಾಲದ ಪಾಕಕ್ಕಿಂತ ನೀರು ಹೆಚ್ಚಿಸಿದ ತೆಳು ಪಾಕವನ್ನು ಕೊಂಚ ಕೊಂಚವಾಗಿ ಈಗ ಕೊಟ್ಟರೆ ರಾಣಿಗೆ ಉತ್ತೇಜನ. ಅಡ್ಡಹಲಗೆಯನ್ನು ಒಂದೊಂದೇ ಚೌಕಟ್ಟಿನಷ್ಟು ಹಿಂದೆ ಸರಿಸಿ, ತೆಗೆದಿಟ್ಟ ಎರಿಗಳನ್ನು ಗಾಳಿಗೆ ಒಡ್ಡಿ ಗಂಧಕದ ವಾಸನೆ ಹೋದ ಮೇಲೆ ಒಂದೊಂದಾಗಿ ಸೇರಿಸುತ್ತ ಬರಬೇಕು. ಏಳೂ ಎರಿಗಳ ಮೇಲೆ ನೊಣ ತುಂಬಿದಾಗ ಜೇನುಕೋಣೆ ಮತ್ತೆ ಮೇಲೇರುತ್ತದೆ. ಅದಕ್ಕೂ ಎರಡು ವಾರ ಮೊದಲೇ ಪಾಕ ಪೂರ್ತಿ ನಿಂತಿರಬೇಕು, ಇಲ್ಲವಾದರೆ ಸಕ್ಕರೆ ಹೊಸ ಜೇನಿನಲ್ಲಿ ಸೇರಿ ಕೊಳ್ಳುವವರ ಬಾಟಲಿಗೆ ಹೋಗುತ್ತದೆ.